ಹದಿಮೂರನೆಯವಳ ಬಗ್ಗೆ ನೀನು ಬರೆದದ್ದು

ಪ್ರೀತಿಯ ಪುಟ್ಟಿ,

ನಿನ್ನ ಪತ್ರ ಓದಿದೆ. ಇಲ್ಲಿಯ ಸುದ್ದಿ ಎಲ್ಲ ಅಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನು ಮತ್ತೆ ಬರೆಯುವುದಿಲ್ಲ. ನೀನು ಈಗ ಹೆಡ್ ಕೋಚ್ ಆಗಿರುವ ಕಾಲೇಜಿನ ವಾಲಿಬಾಲ್ ಟೀಮಿನ ಬಗ್ಗೆ, ಪ್ರಿನ್ಸಿಪಾಲರ ಬಗ್ಗೆ, ಬಾಡಿಗೆ ಮನೆ ಬಗ್ಗೆ ಏನೇನೋ ಬರೆದಿದ್ದೀಯ. ಎಲ್ಲ ಓದಿ ಮುಗಿಸಿ ಮತ್ತೆ ಮತ್ತೆ ಒಂದೇ ಕಡೆ ಬಂದು ನಿಂತೆ. ಟೀಮಿಗೆ 12 ಹೆಸರು ಬರೆದು ಕೊಟ್ಟೆ, ಹದಿಮೂರನೆಯವಳು ಬ್ಯಾಗ್ ತಗೊಂಡು ಊರಿಗೆ ಹೋದಳು, ಫೋನ್ ಎತ್ತುತ್ತಿಲ್ಲ, ಅವಳು ಆಟವನ್ನೇ ಬಿಟ್ಟುಬಿಟ್ಟರೆ ಅದು ನನ್ನಿಂದ ತಾನೇ ದೊಡ್ಡಮ್ಮ, ಅಂತ ಬರೆದಿದ್ದೀಯಲ್ಲ, ಅಲ್ಲಿ. ಅದು ಓದಿದ ಮೇಲೆ ನನಗೆ ಊಟ ಸೇರಲಿಲ್ಲ. ದೊಡ್ಡಪ್ಪ ಏನಾಯ್ತು ಅಂದರು. ಏನಿಲ್ಲ ಅಂದೆ.

ಇದಕ್ಕೆ ಉತ್ತರ ಹೇಳಬೇಕಾದವಳು ನಾನೇ. ಒಂದು ಕಾಲದಲ್ಲಿ ಆ ಹದಿಮೂರನೆಯವಳು ನಾನಾಗಿದ್ದೆ.

ನಾನು ಕಾಲೇಜಿನಲ್ಲಿ ಆಡುತ್ತಿದ್ದದ್ದು ನಿಮಗೆಲ್ಲ ಗೊತ್ತು. ಯಾಕೆ ಬಿಟ್ಟೆ ಅನ್ನುವುದು ಗೊತ್ತಿಲ್ಲ. ಮದುವೆಯಾಯ್ತು, ಬಿಟ್ಟಳು ಅಂತ ಎಲ್ಲರೂ ಅಂದುಕೊಂಡರು, ನಾನೂ ಸುಮ್ನೆ ಇದ್ದುಬಿಟ್ಟೆ. ಮದುವೆಯಾದದ್ದು 1984ರಲ್ಲಿ. ಆಟ ಬಿಟ್ಟದ್ದು 1982ರಲ್ಲಿ.

ಆಗ ಮಂಗಳೂರು ವಿಶ್ವವಿದ್ಯಾಲಯ ಶುರುವಾಗಿ ಎರಡೇ ವರ್ಷ. ಅದಕ್ಕೂ ಮೊದಲು ಕೊಡಗಿನ ಕಾಲೇಜುಗಳು ಮೈಸೂರಿಗೆ ಸೇರಿದ್ದವು. ಹೊಸ ವಿಶ್ವವಿದ್ಯಾಲಯದ ಅಂತರಕಾಲೇಜು ಟೂರ್ನಮೆಂಟು, ಘಾಟಿ ಇಳಿದು ಮಂಗಳೂರಿಗೆ ಹೋಗಬೇಕು, ನಮಗೆಲ್ಲ ಅದೇ ಒಂದು ಹಬ್ಬ. ಮಳೆಗಾಲ ಪೂರ್ತಿ ಕಾಲೇಜಿನ ಮಣ್ಣಿನ ಕೋರ್ಟ್ ಕೆಸರಾಗಿರುತ್ತಿತ್ತು. ಮಳೆ ಬಿಟ್ಟ ಮೇಲೆ ಕಾಫಿ ಹಣ್ಣಾಗುವವರೆಗೆ ನಮ್ಮ ಅಪ್ಪನ ಮನೆಯ ಕಣ ಖಾಲಿ. ಎರಡು ಬಿದಿರು ನೆಟ್ಟು ನೆಟ್ ಕಟ್ಟಿಕೊಂಡು ಅಲ್ಲೇ ಆಡುತ್ತಿದ್ದೆವು. ಸ್ಮ್ಯಾಶ್ ಮಾಡುವವರು ಬೇರೆ ಇದ್ದರು. ನನ್ನ ಕೆಲಸ ಕೆಳಗೆ ಬಂದ ಚೆಂಡನ್ನು ಎತ್ತುವುದು. ಗಟ್ಟಿ ಕಣದ ಮೇಲೆ ಬಿದ್ದು ಮೊಣಕೈ ಸಿಪ್ಪೆ ಎದ್ದಿರುತ್ತಿತ್ತು, ಮುಂಗೈ ಎರಡೂ ಕೆಂಪಗೆ ಊದಿರುತ್ತಿದ್ದವು. ಅವ್ವ ರಾತ್ರಿ ತೆಂಗಿನೆಣ್ಣೆ ಹಚ್ಚಿ ಬೈಯುತ್ತಿದ್ದರು. ಆ ನೋವು ನನಗೆ ಇಷ್ಟವೇ ಇತ್ತು. ಎಂಥಾ ಹೊಡೆತವನ್ನೂ ಎತ್ತಿ, ಸ್ಮ್ಯಾಶ್ ಮಾಡುವವರಿಗೆ ಚೆಂಡು ಎತ್ತಿಕೊಡುವ ಲಿಫ್ಟರ್ ಕೈಗೆ ಕೊಡುತ್ತಿದ್ದೆ, ಅದನ್ನು ಹೇಳಿಕೊಳ್ಳಲು ಈಗ ಸಂಕೋಚವೇನಿಲ್ಲ.

ಆದರೆ ನಾನು ಗಿಡ್ಡ. ಹೆಣ್ಣುಮಕ್ಕಳ ನೆಟ್ 2.24 ಮೀಟರ್, ಆಗಲೂ ಅಷ್ಟೇ, ಈಗಲೂ ಅಷ್ಟೇ. ನಾನು ಹಾರಿದರೆ ಬೆರಳ ತುದಿ ಮೇಲೆ ಬಂದರೆ ಹೆಚ್ಚು. ಆಗಿನ ನಿಯಮದಲ್ಲಿ ಹಿಂದಿನ ಸಾಲಿನಲ್ಲಿ ಎಷ್ಟೇ ಚೆನ್ನಾಗಿ ಆಡಲಿ, ಮೂರು ಸಲ ರೊಟೇಶನ್, ಅಂದರೆ ಜಾಗ ಬದಲು, ಆದ ಮೇಲೆ ಮುಂದೆ ಹೋಗಿ ನೆಟ್ ಹತ್ತಿರ ಎದುರಿನವರ ಹೊಡೆತ ತಡೆಯುವ ಬ್ಲಾಕಿಗೆ ನಿಲ್ಲಲೇಬೇಕು. ನನ್ನ ಸರದಿ ಮುಂದೆ ಬಂದದ್ದು ಗೊತ್ತಾದರೆ ಎದುರಿನವರು ಬೇಕಂತಲೇ ನನ್ನ ತಲೆ ಮೇಲಿಂದ ಹೊಡೆಯುತ್ತಿದ್ದರು. ನಮ್ಮ ಕೋಚ್ ಸರ್‌ಗೆ ಎತ್ತರದ ಹುಚ್ಚು ಬೇರೆ. ಭಾರತಕ್ಕೆ ಆಡಿದ ಜಿಮ್ಮಿ ಜಾರ್ಜ್ ನಮ್ಮ ಮಾಕುಟ್ಟ ಘಾಟಿ ಇಳಿದರೆ ಸಿಗುವ ಕೇರಳದ ಪೇರಾವೂರಿನವರು, ಅವರ ಹಾರುವಿಕೆ ನೋಡಿದ್ದೀರಾ ಅಂತ ದಿನಾ ಹೇಳುತ್ತಿದ್ದರು.

ಟೀಮಿನ ಪಟ್ಟಿ ನೋಟಿಸ್ ಬೋರ್ಡಿಗೆ ಬಂತು. ಟೈಪ್ ಮಾಡಿದ ಹಾಳೆ. ಹುಡುಗಿಯರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಓದುತ್ತಿದ್ದರು. ನಾನು ಮೇಲಿಂದ ಕೆಳಗೆ ಓದಿದೆ, ಆಮೇಲೆ ಕೆಳಗಿಂದ ಮೇಲೆ ಓದಿದೆ. ಪಕ್ಕದಲ್ಲಿದ್ದವಳು ನನ್ನ ಮುಖ ನೋಡಿ ಸುಮ್ಮನಾದಳು. ಅಷ್ಟರಲ್ಲಿ ಸರ್ ಕಾರಿಡಾರಿನಲ್ಲಿ ಬಂದರು. ನನ್ನನ್ನು ಕಂಡವರೇ ಕೈಯಲ್ಲಿದ್ದ ರಿಜಿಸ್ಟರ್ ತೆರೆದು ಅದನ್ನೇ ನೋಡಿಕೊಂಡು ಹೋದರು.

ಪುಟ್ಟಿ, ನಿಜ ಹೇಳುತ್ತೇನೆ. ಅವರು ಬಿಟ್ಟದ್ದು ಸರಿ. ನನ್ನ ಬದಲು ಹೋದ ಹುಡುಗಿ ನನಗಿಂತ ಎತ್ತರ, ಮುಂದೆ ಚೆನ್ನಾಗಿ ಆಡುತ್ತಿದ್ದಳು. ಅದು ನನಗೆ ಆ ದಿನವೇ ಗೊತ್ತಿತ್ತು. ನೀನು ಹೆದರುವ ಹಾಗೆ ಪಟ್ಟಿಯಿಂದ ಬಿಟ್ಟದ್ದಕ್ಕೆ ನಾನು ಆಟ ಬಿಡಲಿಲ್ಲ. ಆ ರಿಜಿಸ್ಟರ್ ನೋಡಿಕೊಂಡು ಹೋದರಲ್ಲ, ಅದಕ್ಕೆ ಬಿಟ್ಟೆ. ಇಷ್ಟು ದಿನ ಬೆಳಗ್ಗೆ ಆರಕ್ಕೆ ಬಂದು ಬಿದ್ದು ಎದ್ದವಳಿಗೆ ಎರಡು ಮಾತು ಹೇಳಲೂ ಆಗಲಿಲ್ಲವಾ ಅನ್ನಿಸಿತು. ಮಾರನೇ ದಿನದಿಂದ ಪ್ರಾಕ್ಟೀಸಿಗೆ ಹೋಗಲಿಲ್ಲ. ಯಾರೂ ಕರೆಯಲಿಲ್ಲ. ಕರೆದಿದ್ದರೆ ಹೋಗುತ್ತಿದ್ದೆ.

ಎಷ್ಟೋ ವರ್ಷ ಅವರ ಮೇಲೆ ಸಿಟ್ಟಿತ್ತು. ಈಗ ನಿನ್ನ ಪತ್ರ ಓದಿ ಮೊದಲ ಸಲ ಅನ್ನಿಸಿತು, ಅವರಿಗೂ ಆ ರಾತ್ರಿ ನಿದ್ದೆ ಬಂದಿರಲಿಕ್ಕಿಲ್ಲ. ನನ್ನ ಮುಖ ನೋಡಲು ಹೆದರಿದ್ದರೇನೋ. ಅವರು ತೀರಿಕೊಂಡೇ ಬಹಳ ಕಾಲವಾಯಿತು, ಕೇಳೋಣ ಅಂದರೆ ಇಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ಅವಳು ಆಟ ಬಿಟ್ಟರೆ ನನ್ನಿಂದ ತಾನೇ ಅಂತ ರಾತ್ರಿ ಎಲ್ಲ ಕೂತು ಲೆಕ್ಕ ಹಾಕಬೇಡ. ಅವಳು ಇನ್ನೂ ಬಿಟ್ಟಿಲ್ಲ. ಊರಿಗೆ ಹೋಗಿದ್ದಾಳೆ, ಅಷ್ಟೇ. ಊರಿಗೆ ಹೋದವಳು ಎರಡು ಮೂರು ವಾರ ಬಾಗಿಲ ಕಡೆ ನೋಡುತ್ತಲೇ ಇರುತ್ತಾಳೆ. ನಾನು ನೋಡಿದ್ದೇನೆ.

ಇನ್ನೊಂದು ವಿಷಯ. ಹೆಡ್ ಕೋಚ್ ಕೆಲಸ ಬೇಡ ಅಂತ ಹೇಳಿ ಮತ್ತೆ ಅಸಿಸ್ಟೆಂಟ್ ಆಗಿಯೇ ಇರಲಾ ಅಂತ ಕೇಳಿದ್ದೀಯ. ಅಸಿಸ್ಟೆಂಟ್ ಆಗಿದ್ದಾಗ ಹುಡುಗಿಯರು ಆಗಿನ ಹೆಡ್ ಕೋಚ್ ಸರ್ ಮೇಲಿನ ಸಿಟ್ಟನ್ನು ನಿನ್ನ ಹತ್ತಿರ ಬಂದು ಅತ್ತುಕೊಳ್ಳುತ್ತಿದ್ದರು, ಈಗ ನಿನ್ನ ಮೇಲಿನ ಸಿಟ್ಟನ್ನು ಬೇರೆಯವರ ಹತ್ತಿರ ಅತ್ತುಕೊಳ್ಳುತ್ತಾರೆ. ಅದು ನಿನಗೆ ಸಂಕಟ, ಅರ್ಥವಾಗುತ್ತದೆ. ಆದರೆ ನೀನು ಬಿಟ್ಟರೆ ಪಟ್ಟಿ ಬರೆಯುವುದು ನಿಲ್ಲುತ್ತದಾ? ನಿದ್ದೆ ಕೆಡದವರು ಯಾರೋ ಬಂದು ಬರೆಯುತ್ತಾರೆ. ನಿನ್ನ ಹಾಗೆ ಹದಿಮೂರನೆಯವಳನ್ನು ನೆನೆಸಿಕೊಳ್ಳುವವಳು ಆ ಕುರ್ಚಿಯಲ್ಲಿ ಇರಲಿ ಅಂತ ನನ್ನ ಆಸೆ. ಅಮೆರಿಕದ ಕಾಲೇಜುಗಳಲ್ಲಿ ಹೆಣ್ಣುಮಕ್ಕಳ ವಾಲಿಬಾಲಿಗೆ ಅಲ್ಲಿಯ ಕಾಲೇಜು ಆಟಗಳ ಸಂಸ್ಥೆ ಎನ್‌ಸಿಎಎ ಚಾಂಪಿಯನ್‌ಶಿಪ್ 1981ರಿಂದ ನಡೆಯುತ್ತಿದೆ. ಅಷ್ಟು ದೊಡ್ಡ ದೇಶದಲ್ಲಿ ಮೊದಲ ಡಿವಿಷನ್ನಿನ ಆ ಕಪ್ಪನ್ನು ಒಬ್ಬ ಹೆಣ್ಣು ಹೆಡ್ ಕೋಚ್ ಗೆದ್ದದ್ದು 2024ರ ಡಿಸೆಂಬರಿನಲ್ಲಿ, ಅದೇ ಮೊದಲು. ಪೆನ್ ಸ್ಟೇಟಿನ ಕೇಟಿ ಶುಮಾಕರ್ ಕಾಲೀ. 1999ರಲ್ಲಿ ಅದೇ ಕಾಲೇಜಿಗೆ ಆಡಿ ಗೆದ್ದವರು, ಆಮೇಲೆ ಅಲ್ಲೇ ಹಳೆಯ ಕೋಚಿನ ಕೈಕೆಳಗೆ ಕೆಲಸ ಮಾಡಿದವರು, 2022ರಲ್ಲಿ ಹೆಡ್ ಕೋಚ್ ಆದವರು. ಕಪ್ ಗೆದ್ದ ವರ್ಷ ಸ್ತನ ಕ್ಯಾನ್ಸರಿಗೆ ಕೀಮೋ ತೆಗೆದುಕೊಳ್ಳುತ್ತಲೇ ಟೀಮ್ ನಡೆಸಿದರು. ಮೊಬೈಲಿನಲ್ಲಿ ಓದಿ ನಿನ್ನನ್ನೇ ನೆನೆಸಿಕೊಂಡಿದ್ದೆ. ನೀನೂ ಹಾಗೆ ಗೆಲ್ಲಬೇಕು ಅಂತ ಹೇಳುತ್ತಿಲ್ಲ. ಅಸಿಸ್ಟೆಂಟ್ ಕುರ್ಚಿಯಿಂದ ಆ ಕುರ್ಚಿಗೆ ಬರುವುದಕ್ಕೇ ನಮ್ಮವರಿಗೆ ಎಷ್ಟು ಕಾಲ ಬೇಕಾಯಿತು ನೋಡು, ಒಂದು ಪಟ್ಟಿಗೆ ಹೆದರಿ ಎದ್ದು ಬರಬೇಡ.

ಏನು ಮಾಡಬೇಕು ಅಂತ ನಾನು ಹೇಳುವುದು ಸರಿಯೋ ಇಲ್ಲವೋ. ನೀನು ಎಂ.ಪಿ.ಎಡ್ ಓದಿದವಳು, ನಾನು ಕಾಫಿ ಕೊಯ್ಲು ನೋಡಿಕೊಂಡು ಇದ್ದವಳು. ಆದರೂ. ಮುಂದಿನ ಸಲ ಪಟ್ಟಿಯನ್ನು ವಾಟ್ಸಾಪ್ ಗ್ರೂಪಿಗೆ ಹಾಕುವ ಮೊದಲು, ಹೆಸರಿಲ್ಲದವರನ್ನು ಒಬ್ಬೊಬ್ಬರನ್ನಾಗಿ ಕರೆದು ನೀನೇ ಹೇಳು. ಯಾಕೆ ಅಂತ ಆಟದ ಮಾತಿನಲ್ಲೇ ಹೇಳು, ರಿಸೀವ್ ಬಲಗಡೆ ಬಿಡ್ತಾ ಇದೆ, ಬ್ಲಾಕಿಗೆ ಹೊತ್ತಿಗೆ ಸರಿಯಾಗಿ ಹಾರ್ತಾ ಇಲ್ಲ, ಹೀಗೆ. ಬೇಜಾರು ಮಾಡ್ಕೋಬೇಡ, ಮುಂದಿನ ವರ್ಷ ನೋಡೋಣ ಅಂತ ಮಾತ್ರ ಬಾಯಿ ಮಾತಿಗೆ ಹೇಳಬೇಡ. ಅವರು ಅದನ್ನು ನಂಬಿಕೊಂಡು ಕೂರುತ್ತಾರೆ.

ಆಮೇಲೆ ಅವಳ ಫೀ, ಹಾಸ್ಟೆಲ್. ಸ್ಪೋರ್ಟ್ಸ್ ಕೋಟಾದಲ್ಲಿ ಬಂದವಳು ಅಂತ ಬರೆದಿದ್ದೀಯ. ಟೀಮಿನಲ್ಲಿ ಇಲ್ಲ ಅಂದ ಕೂಡಲೇ ಮನೆಯವರಿಗೆ ಮೊದಲು ಬರುವ ಯೋಚನೆ ಅದೇ, ಇನ್ನು ಹಾಸ್ಟೆಲ್ ದುಡ್ಡು ಯಾರು ಕಟ್ಟುವುದು ಅಂತ. ಆಫೀಸಿನಲ್ಲಿ ಮಾತಾಡಿ ಈ ವರ್ಷ ಮುಗಿಯುವವರೆಗೆ ತೊಂದರೆ ಇಲ್ಲ ಅಂತ ಬರಹದಲ್ಲಿ ತೆಗೆದುಕೊಂಡರೆ ಒಳ್ಳೆಯದು. ನಿನ್ನ ಕೈಯಲ್ಲಿ ಎಷ್ಟಿದೆಯೋ ನನಗೆ ತಿಳಿಯದು.

ಅವಳು ಎತ್ತರ ಎಷ್ಟು? ನೀನು ಬರೆದಿಲ್ಲ. ಕೇಳಲು ಕಾರಣ ಇದೆ. ಮಕ್ಕಳು ದೊಡ್ಡವರಾದ ಮೇಲೆ ಒಂದು ಸಲ ಗೋಣಿಕೊಪ್ಪದಲ್ಲಿ ಟೂರ್ನಮೆಂಟ್ ನೋಡಲು ಹೋಗಿದ್ದೆ. ಒಂದು ಟೀಮಿನಲ್ಲಿ ಎಲ್ಲರೂ ನೀಲಿ ಬನಿಯನ್, ಒಬ್ಬಳು ಮಾತ್ರ ಹಳದಿ. ನನ್ನಷ್ಟೇ ಗಿಡ್ಡ. ಹಿಂದಿನ ಸಾಲಿನಲ್ಲೇ ಆಡುತ್ತಾಳೆ, ಮುಂದಿನ ಸರದಿ ಬಂದರೆ ಹೊರಗೆ ಹೋಗುತ್ತಾಳೆ, ಮತ್ತೆ ಬರುತ್ತಾಳೆ. ಪಕ್ಕದ ಹುಡುಗನನ್ನು ಕೇಳಿದೆ, ಇದೇನಪ್ಪಾ ಬಣ್ಣ ಬೇರೆ ಅಂತ. ಲಿಬೆರೊ ಆಂಟಿ ಅಂದ. 1998ರಲ್ಲಿ ಬಂದ ನಿಯಮವಂತೆ. ಬ್ಲಾಕ್ ಮಾಡುವ ಹಾಗಿಲ್ಲ, ನೆಟ್ಟಿಗಿಂತ ಮೇಲಿರುವ ಚೆಂಡನ್ನು ಹೊಡೆಯುವ ಹಾಗಿಲ್ಲ, ಬಿದ್ದು ಎದ್ದು ಎತ್ತುವುದೇ ಕೆಲಸ. ನನಗೆ ಕಣ್ಣು ತುಂಬಿ ಬಂತು, ಪುಟ್ಟಿ. ನನ್ನ ಕೆಲಸಕ್ಕೆ ಒಂದು ಹೆಸರು, ಒಂದು ಜಾಗ ಬರುವ ಹೊತ್ತಿಗೆ ನಾನು ಆಟ ಬಿಟ್ಟು ಹದಿನಾರು ವರ್ಷ ಆಗಿತ್ತು. ಇನ್ನೊಂದೆರಡು ವರ್ಷ ಆಡಿದ್ದರೂ ಆ ನಿಯಮ ನನಗೆ ಸಿಗುತ್ತಿರಲಿಲ್ಲ, ಗೊತ್ತು. ಆದರೂ ಅಷ್ಟು ಬೇಗ ಬಿಡಬಾರದಿತ್ತು ಅನ್ನುವುದು ಇವತ್ತಿಗೂ ಹೋಗಿಲ್ಲ.

ನೀನು ಬಿಟ್ಟ ಹುಡುಗಿಗೆ ಅಂಥ ಜಾಗ ಏನಾದರೂ ಇದೆಯಾ ನೋಡು. ಇಲ್ಲದಿದ್ದರೆ ಇಲ್ಲ ಅಂತಲೇ ಹೇಳು, ಆದರೆ ಹೋಗಿ ಹೇಳು. ಫೋನ್ ಎತ್ತದಿದ್ದರೆ ಮನೆಗೇ ಹೋಗು. ಅವಳು ಬಾಗಿಲು ತೆರೆದು ಮುಖ ತಿರುಗಿಸಿದರೂ ಪರವಾಗಿಲ್ಲ, ಅವಳ ಅವ್ವ ಕಾಫಿ ಕೊಡದೆ ಕಳಿಸುವುದಿಲ್ಲ, ಅಷ್ಟರಲ್ಲಿ ಮಾತು ಬರುತ್ತದೆ. ಅವಳ ಊರು ಶನಿವಾರಸಂತೆ ಹತ್ತಿರ ಅಂದಿದ್ದೀಯ. ಒಬ್ಬಳೇ ಹೋಗಲು ಕಷ್ಟ ಅನ್ನಿಸಿದರೆ ನಾನೂ ಬರುತ್ತೇನೆ. ಶನಿವಾರ ಸಂಜೆ ಬಸ್ಸಿಗೆ ಮಂಗಳೂರಿನಿಂದ ಹೊರಟು ಮನೆಗೆ ಬಾ, ಭಾನುವಾರ ಬೆಳಗ್ಗೆ ಮಡಿಕೇರಿಯಿಂದ ಸೋಮವಾರಪೇಟೆ ಬಸ್ ಹಿಡಿಯೋಣ. ಬರುವ ಮುಂಚೆ ಅವಳ ಮನೆಯವರಿಗೆ ಒಂದು ಮೆಸೇಜ್ ಹಾಕಿಬಿಡು. ದೊಡ್ಡಪ್ಪನಿಗೆ ನಾನು ಹೇಳಿಕೊಳ್ಳುತ್ತೇನೆ.

ನಿನ್ನ
ದೊಡ್ಡಮ್ಮ