ಅದು ಹಟವಲ್ಲ, ಸುತ್ತ ಗುಂಪು ಸೇರಬೇಡಿ

ಮಾನ್ಯರೇ,

ಜಾತ್ರೆಯಲ್ಲೋ ಬಸ್ ನಿಲ್ದಾಣದಲ್ಲೋ ಎಂಟು-ಹತ್ತು ವರ್ಷದ ಹುಡುಗ ಕಿವಿ ಮುಚ್ಚಿಕೊಂಡು ನೆಲಕ್ಕೆ ಬಿದ್ದು ಕಿರುಚಿದರೆ ಜನ ಮುತ್ತಿಕೊಳ್ಳುತ್ತಾರೆ. ‘ಎರಡು ಬಿಟ್ರೆ ಸರಿಹೋಗ್ತಾನೆ’ ಎನ್ನುವವರೊಬ್ಬರು, ಬಿಸ್ಕತ್ತು ಹಿಡಿದು ಬರುವವರು ಇನ್ನೊಬ್ಬರು. ಹಟ ಹಿಡಿದ ಮಗು ಕೇಳಿದ್ದು ಸಿಕ್ಕರೆ ಸುಮ್ಮನಾಗುತ್ತದೆ, ನಡುನಡುವೆ ಅಮ್ಮನ ಮುಖವನ್ನೂ ನೋಡುತ್ತದೆ. ಆಟಿಸಂ (ಮಿದುಳಿನ ಬೆಳವಣಿಗೆಯಲ್ಲೇ ಇರುವ ಭಿನ್ನತೆ) ಇರುವ ಮಗುವಿನ ಮೆಲ್ಟ್‌ಡೌನ್, ಅಂದರೆ ತಡೆಯಲಾರದೆ ಸಿಡಿಯುವುದು, ಬೇರೆ. ಸದ್ದು, ಬೆಳಕು, ನೂಕುನುಗ್ಗಲು ತಾಳುವ ಮಟ್ಟ ಮೀರಿದ್ದರಿಂದ ಆಗುವಂಥದ್ದು. ಬಿಸ್ಕತ್ತಿಗೂ ಏಟಿಗೂ ಅದು ಇಳಿಯದು.

ಆಗ ಒಬ್ಬರೇ ಮಾತಾಡಬೇಕು, ಅದೂ ಎರಡು-ಮೂರು ಪದ: ‘ನಾನಿದ್ದೀನಿ, ಹೊರಗೆ ಹೋಗೋಣ.’ ಕಲ್ಲು, ಗಾಜು ದೂರ ಸರಿಸಿ. ರಸ್ತೆಗೆ ಓಡುವ ಅಪಾಯವಿಲ್ಲದಿದ್ದರೆ ಹಿಡಿದು ಜಗ್ಗಬೇಡಿ. ದೀರ್ಘವಾಗಿ ಉಸಿರೆಳೆಯುವುದನ್ನು ಆ ಹೊತ್ತಿನಲ್ಲಿ ಕಲಿಸಿದರೆ ತಲೆಗೆ ಹತ್ತದು. ಶಾಂತವಾಗಿರುವಾಗ ದಿನಾ ಮಾಡಿಸಿರಬೇಕು. ಕಿರುಚಾಟ ನಿಂತ ಕೂಡಲೇ ‘ಯಾಕೆ ಹಿಂಗ್ ಮಾಡ್ದೆ?’ ಎಂದು ವಿಚಾರಣೆಗೆ ಇಳಿದರೆ ಮತ್ತೆ ಭುಗಿಲೇಳುತ್ತದೆ. ನೀರು ಕೊಟ್ಟು ಅರ್ಧ ಗಂಟೆ ಬಿಟ್ಟುಬಿಡಿ.

ಮುನ್ಸೂಚನೆ ಬಹುಪಾಲು ಇದ್ದೇ ಇರುತ್ತದೆ: ಒಂದೇ ಪ್ರಶ್ನೆ ಹತ್ತು ಸಲ, ಕಾಲರ್ ಕಚ್ಚುವುದು, ಬಿರಬಿರನೆ ಅತ್ತಿಂದಿತ್ತ ಓಡಾಟ. ಶಾಲೆಯಲ್ಲಾದರೆ ಆಗಲೇ ಎಬ್ಬಿಸಿ ಅರ್ಧ ಬಕೆಟ್ ನೀರು ತರಲು ಕಳಿಸಿ, ಇಲ್ಲವೇ ಗೋಡೆಗೆ ಅಂಗೈ ಊರಿ 10 ಸಲ ತಳ್ಳಿಸಿ. ಮನೆಯಲ್ಲಿ ರೊಟ್ಟಿ ಹಿಟ್ಟು ನಾದಲು ಕೊಡಿ. ಸ್ನಾಯು, ಕೀಲುಗಳಿಗೆ ಭಾರ ಬಿದ್ದರೆ ಹಲವರು ಹದಕ್ಕೆ ಬರುತ್ತಾರೆ, ಎಲ್ಲರೂ ಅಲ್ಲ. ಶಿಕ್ಷೆಯೆಂದು ಆಟದ ಪೀರಿಯಡ್ ಕಿತ್ತುಕೊಳ್ಳುವ ಮೇಷ್ಟ್ರು ಇದ್ದೊಂದು ದಾರಿಯನ್ನೂ ಮುಚ್ಚುತ್ತಾರೆ. ಕೆಲವು ಮಕ್ಕಳಿಗೆ ಹಸಿವು, ಮೂತ್ರದ ಒತ್ತಡ ತಾವಾಗಿ ಗೊತ್ತಾಗದೆ ಸಿಡುಕಾಗಿ ಹೊರಬರುತ್ತವೆ. ಅವರಿಗೆ ಗಡಿಯಾರ ನೋಡಿ ಎರಡು ಗಂಟೆಗೊಮ್ಮೆ ನೀರು, ಶೌಚ.

ದೊಡ್ಡವರಾದ ಮಾತ್ರಕ್ಕೆ ಆಟಿಸಂ, ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ಸ್ಥಿತಿ) ಮಾಯವಾಗುವುದಿಲ್ಲ. ದಿನವಿಡೀ ಜವಳಿ ಅಂಗಡಿಯಲ್ಲಿ ನಗುಮುಖ ಹೊತ್ತು ನಿಂತವರು ಮನೆಯಲ್ಲಿ ಕುಕ್ಕರ್ ಸೀಟಿಗೆ ಸಿಡಿಯುತ್ತಾರೆ. ಬಂದ ಮೇಲೆ 20 ನಿಮಿಷ ಮಾತಾಡಿಸದೆ ಬಿಟ್ಟು ನೋಡಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಇದೆ. ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ದುಗ್ಗಮ್ಮನ ಜಾತ್ರೆಯಲ್ಲಿ ಒಂದು ಶಾಂತ ಡೇರೆ ಹಾಕಿಸುವುದು ಪಾಲಿಕೆಗೆ ಭಾರವಲ್ಲ: ಮೈಕ್ ಕಂಬಗಳಿಂದ ದೂರ, 12 ಅಡಿ ಚೌಕ, ಚಾಪೆ, ಕುಡಿಯುವ ನೀರು, ಮಂದ ದೀಪ, ಒಬ್ಬ ಸ್ವಯಂಸೇವಕ. ಹೊರಗೆ ಬಾಣದ ಗುರುತಿನ ಫಲಕವೂ ಬೇಕು, ಇಲ್ಲದಿದ್ದರೆ ಆ ಗದ್ದಲದಲ್ಲಿ ಯಾರಿಗೂ ಸಿಗದು.

– ವಿಶೇಷ ಶಿಕ್ಷಕರು, ದಾವಣಗೆರೆ