ಹಸಿರು ಶಾಲು ಮತ್ತು ಮತಪೆಟ್ಟಿಗೆ: ಗೆಳೆಯನಿಗೊಂದು ಪತ್ರ

ಶಿವಮೊಗ್ಗ

ಪ್ರೀತಿಯ ಗೆಳೆಯಾ,

ಚುನಾವಣೆಗೆ ಇಳಿದದ್ದರಿಂದಲೇ ರೈತಸಂಘ ಕೆಟ್ಟಿತು ಎಂದು ಬರೆದಿದ್ದೀಯ. ಈ ಮಾತನ್ನು ನಾನು ಒಪ್ಪಲಾರೆ. ನಮ್ಮ ಜಿಲ್ಲೆಯಲ್ಲಿ ಸಂಘ ಮತ್ತು ಮತಪೆಟ್ಟಿಗೆಯ ನಂಟು ಬಹಳ ಹಳೆಯದು.

ಸಾಗರ ತಾಲ್ಲೂಕಿನ ಕಾಗೋಡು ಎಂಬ ಹಳ್ಳಿಯನ್ನೇ ನೆನೆದುಕೊ. ಗೇಣಿಭತ್ತ ಅಳೆಯಲು ಭೂಮಾಲೀಕರು ತರುತ್ತಿದ್ದ ಕೊಳಗ, ಅಂದರೆ ಅಳತೆಯ ಪಾತ್ರೆ, ದೊಡ್ಡದು. ಮಳೆಗಾಲವೆಲ್ಲ ಕೆಸರಿನಲ್ಲಿ ನಿಂತು ದುಡಿದವನ ಪಾಲು ಅಳತೆ ಮುಗಿಯುವುದರೊಳಗೆ ಕರಗಿಹೋಗುತ್ತಿತ್ತು. ಎಚ್. ಗಣಪತಿಯಪ್ಪನವರು ಕಟ್ಟಿದ ರೈತಸಂಘ ಆ ಕೊಳಗವನ್ನು ಪ್ರಶ್ನಿಸಿತು. 1951ರಲ್ಲಿ ಸತ್ಯಾಗ್ರಹ ನಡೆದಾಗ ಸಮಾಜವಾದಿ ಪಕ್ಷ ಬೆನ್ನಿಗೆ ನಿಂತಿತು. ಆ ಪಕ್ಷದ ನಾಯಕ ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು. ಮರುವರ್ಷ ಅದೇ ಪಕ್ಷದ ಶಾಂತವೇರಿ ಗೋಪಾಲಗೌಡರು ವಿಧಾನಸಭೆಗೆ ಗೆದ್ದು ಹೋದರು. ಕೈಯಲ್ಲಿ ಕಾಸಿರಲಿಲ್ಲ. ‘ಒಂದು ವೋಟು, ಒಂದು ನೋಟು’ ಎಂದು ಕೇಳಿದರು, ಜನ ಎರಡನ್ನೂ ಕೊಟ್ಟರು.

ನರಗುಂದ-ನವಲಗುಂದದಲ್ಲಿ ರೈತರ ಮೇಲೆ ಗೋಲಿಬಾರ್ ನಡೆದ 1980ರಲ್ಲೇ ರಾಜ್ಯ ರೈತಸಂಘ ಹುಟ್ಟಿತು. ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಕಡಿದಾಳು ಶಾಮಣ್ಣ ಎಲ್ಲರೂ ನಮ್ಮ ಜಿಲ್ಲೆಯವರೇ, ಜೊತೆಗೆ ಪ್ರೊ. ಎಂ.ಡಿ. ನಂಜುಂಡಸ್ವಾಮಿ. ಸಾಲ ವಸೂಲಿಗೆಂದು ಬಡವರ ಮನೆಯ ಪಾತ್ರೆಪಗಡ ಹೊತ್ತೊಯ್ದರೆ, ಸಂಘದ ಗುರುತಾದ ಹಸಿರು ಶಾಲು ಹೊದ್ದವರು ಹಿಂಡಾಗಿ ಹೋಗಿ ಅವನ್ನು ವಾಪಸು ತಂದು ಮನೆಯವರ ಮುಂದೆ ಇಡುತ್ತಿದ್ದರು. ‘ಮರುಜಪ್ತಿ’ ಎಂದರೆ ಅಧಿಕಾರಿಗಳ ಎದೆ ನಡುಗುತ್ತಿದ್ದ ಕಾಲ ಅದು.

ಮತ ಮಾತ್ರ ಅದೇ ಲೆಕ್ಕದಲ್ಲಿ ಬೀಳಲಿಲ್ಲ. 1989ರಲ್ಲಿ ಸಂಘದ ಬಾಬಾಗೌಡ ಪಾಟೀಲರು ಎರಡು ಕ್ಷೇತ್ರ ಗೆದ್ದು ಒಂದನ್ನು ಬಿಟ್ಟುಕೊಟ್ಟರು. ಅಲ್ಲಿನ ಉಪಚುನಾವಣೆಯಲ್ಲಿ ನಂಜುಂಡಸ್ವಾಮಿ ಗೆದ್ದರು. 1994ರಲ್ಲಿ ಪಾಂಡವಪುರದಿಂದ ಕೆ.ಎಸ್. ಪುಟ್ಟಣ್ಣಯ್ಯ. ಆಮೇಲೆ ರೈತ ಮತ್ತು ದಲಿತ ಚಳವಳಿಗಳ ಗೆಳೆಯರು ಸೇರಿ ಸರ್ವೋದಯ ಕರ್ನಾಟಕ ಪಕ್ಷ ಕಟ್ಟಿದರು. ಸಾಹಿತಿ ದೇವನೂರ ಮಹಾದೇವ ಅವರಂಥವರು ಹೆಗಲು ಕೊಟ್ಟ ಆ ಪಕ್ಷ ನನಗೆ ಇವತ್ತಿಗೂ ದೊಡ್ಡ ಕನಸಾಗಿಯೇ ಕಾಣುತ್ತದೆ. 2013ರಲ್ಲಿ ಮೇಲುಕೋಟೆಯಿಂದ ಪುಟ್ಟಣ್ಣಯ್ಯ ಅದರ ಶಾಸಕರಾದರು; 2023ರಲ್ಲಿ ಕಾಂಗ್ರೆಸ್ ಬೆಂಬಲದೊಂದಿಗೆ ಅವರ ಮಗ ದರ್ಶನ್ ಗೆದ್ದರು. ರೈತಸಂಘದವರ ಈ ಗೆಲುವುಗಳಲ್ಲಿ ಒಂದೂ ನಮ್ಮ ಮಲೆನಾಡಿನದ್ದಲ್ಲ ಎನ್ನುವುದು ನನ್ನನ್ನು ಕೊರೆಯುತ್ತದೆ.

ಸಂಘವನ್ನು ಸೊರಗಿಸಿದ್ದು ಚುನಾವಣೆಯಲ್ಲ, ಬಣಗಳು. ಧರಣಿಯಲ್ಲಿ ಹಸಿರು ಶಾಲು ಹೊದ್ದವರೇ ಮತದಾನದ ದಿನ ಜಾತಿಯ ಹಿಂದೆ ಹೋದರು. ವೋಟಿನ ಜೊತೆ ನೋಟನ್ನೂ ಕೊಡುವ ಪದ್ಧತಿ ಬಿಟ್ಟುಹೋಯಿತು. ದುಡ್ಡಿದ್ದವರ ಪಕ್ಷಗಳ ಎದುರು ಬರಿಗೈಯ ಪಕ್ಷ ಎಷ್ಟು ದಿನ ನಿಂತೀತು?

ಶರಾವತಿಯ ಅಣೆಕಟ್ಟಿನಿಂದ ನೆಲ ಕಳೆದುಕೊಂಡ ಮುಳುಗಡೆ ಸಂತ್ರಸ್ತರು, ಸರ್ಕಾರಿ ಜಮೀನನ್ನು ಹಕ್ಕಿಲ್ಲದೆ ಉಳುತ್ತಿರುವ ಬಗರ್‌ಹುಕುಂ ಸಾಗುವಳಿದಾರರು ಈಗಲೂ ಹಕ್ಕುಪತ್ರಕ್ಕಾಗಿ ಅರ್ಜಿ ಹಿಡಿದು ಅಲೆಯುತ್ತಿದ್ದಾರೆ. ಅವರ ಪರವಾಗಿ ಬೀದಿಯಲ್ಲಿ ಕೂಗುವವರಿದ್ದಾರೆ, ಸದನದಲ್ಲಿ ಎದ್ದು ನಿಲ್ಲುವ ಅವರದೇ ಮನುಷ್ಯನಿಲ್ಲ. ಬರುವ ತಾಲ್ಲೂಕು ಪಂಚಾಯಿತಿ ಚುನಾವಣೆಗೆ ನಿಮ್ಮ ಕಡೆಯ ಸಂಘದವರು ಯಾರನ್ನಾದರೂ ನಿಲ್ಲಿಸುವುದಾದರೆ ತಿಳಿಸು. ನನ್ನ ನೋಟನ್ನು ಮೊದಲು ಕಳುಹಿಸುತ್ತೇನೆ, ಪ್ರಚಾರಕ್ಕೂ ಬರುತ್ತೇನೆ.

ನಿನ್ನ
ಗೆಳೆಯ