ಗ್ರಾಮ ಆಡಳಿತ ಅಧಿಕಾರಿಯಾದ ಮಗಳಿಗೆ

ಚಿ. ಮಂಗಳಾಳಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಯಾದಗಿರಿ ಜಿಲ್ಲೆಯಲ್ಲಿ ಗ್ರಾಮ ಆಡಳಿತ ಅಧಿಕಾರಿಯಾಗಿ ನಿನಗೆ ನೇಮಕವಾದ ಸುದ್ದಿ ತಿಳಿದು ಬಹಳ ಸಂತೋಷವಾಯಿತು. ಅಷ್ಟು ಹಿಂದುಳಿದ ಜಿಲ್ಲೆಗೆ ಹಾಕಿದರಲ್ಲ ಎಂದು ನಿನ್ನ ಅಮ್ಮ ನೊಂದುಕೊಂಡಿದ್ದಾಳೆ. ಹಿಂದುಳಿದಿರುವುದು ನಿಜ. 2011ರ ಜನಗಣತಿಯಲ್ಲಿ ಅಲ್ಲಿನ ಸಾಕ್ಷರತೆ ಶೇಕಡ 52ನ್ನೂ ಮುಟ್ಟಿರಲಿಲ್ಲ. ದಕ್ಷಿಣ ಕನ್ನಡದಲ್ಲಿ ಅದು ಶೇಕಡ 88ನ್ನು ದಾಟಿತ್ತು. ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ಯಾದಗಿರಿಯೂ ಸೇರಿದ್ದ ಅಂದಿನ ಗುಲ್ಬರ್ಗ ವಿಭಾಗದಲ್ಲೇ ಇದ್ದವು. ಆಮೇಲೆ ಆ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ವಿಧಿ ಬಂತು, ವಿಶೇಷ ಅನುದಾನವೂ ಬಂತು. ಹಣ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೇಲಿನಿಂದ ಬಂದ ಹಣವಾಗಲಿ ಕಾನೂನಾಗಲಿ ಜನರ ಪಾಲಿಗೆ ಊಟ, ಓದು, ಔಷಧವಾಗಿ ಒದಗುವುದು ಕೆಳಗಿನ ಕಚೇರಿ ನೆಟ್ಟಗೆ ನಡೆದಾಗ ಮಾತ್ರ ಎಂಬುದನ್ನು ನಾನು ತಾಲ್ಲೂಕು ಕಚೇರಿಯ ನೌಕರಿಯುದ್ದಕ್ಕೂ ಕಂಡಿದ್ದೇನೆ.

ಜಮೀನಿನ ಒಡೆತನದ ದಾಖಲೆಯಾದ ಪಹಣಿಯನ್ನೇ ನೋಡು. ಅದು ಕೈಬರಹದಲ್ಲಿದ್ದ ಕಾಲದಲ್ಲಿ ಪುಸ್ತಕವೆಲ್ಲ ಗ್ರಾಮ ಲೆಕ್ಕಿಗರ (ನಿನ್ನ ಹುದ್ದೆಯ ಹಳೆಯ ಹೆಸರು) ವಶದಲ್ಲಿರುತ್ತಿತ್ತು. ರೈತ ಅವರನ್ನು ಹುಡುಕಿಕೊಂಡು ಮನೆ, ಸಂತೆ ಎಂದು ಅಲೆಯಬೇಕಾಗಿತ್ತು. ಪಹಣಿ ಸಿಗದಿದ್ದರೆ ಸೊಸೈಟಿ ಸಾಲವಿಲ್ಲ. ಬಿತ್ತನೆಯ ಹೊತ್ತಿಗೆ ಸಾಲ ಸಿಗದವನು ಸಾಹುಕಾರನ ಬಾಗಿಲಿಗೆ ಹೋಗುತ್ತಾನೆ, ಬಡ್ಡಿ ಬೆಳೆದಾಗ ಮಗಳನ್ನು ಶಾಲೆಯಿಂದ ಬಿಡಿಸಿ ಹತ್ತಿ ಬಿಡಿಸುವ ಕೂಲಿಗೆ ಕಳಿಸುತ್ತಾನೆ, ಇಲ್ಲವೇ ಮನೆಮಂದಿಯೆಲ್ಲ ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ಭೂಮಿ ಯೋಜನೆ ಬಂದಾಗ ಎಲ್ಲರೂ ಕಂಪ್ಯೂಟರನ್ನು ಹೊಗಳಿದರು. ನನಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು ಅದರ ಜೊತೆಗೆ ಬಂದ ಎರಡು ಕಟ್ಟುಪಾಡುಗಳು: ಕೈಬರಹದ ಪಹಣಿ ಊರ್ಜಿತವಲ್ಲವೆಂದು ಸಾರಿದ್ದು, ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕೆಂದು ವಿಧಿಸಿದ್ದು. ಆದರೂ ಹಳೆಯ ತಪ್ಪುಗಳು ಹಾಗೆಯೇ ಕಂಪ್ಯೂಟರಿಗೆ ಏರಿದವು. ಕಾಲಂ 3ರಲ್ಲಿರುವ ಜಮೀನಿನ ಒಟ್ಟು ವಿಸ್ತೀರ್ಣಕ್ಕೂ ಕಾಲಂ 9ರಲ್ಲಿ ಮಾಲೀಕರ ಹೆಸರಿನಲ್ಲಿರುವ ವಿಸ್ತೀರ್ಣಕ್ಕೂ ತಾಳೆಯಾಗದ ಪಹಣಿ ಹಿಡಿದು ಬರುವವರನ್ನು ನೀನೂ ಕಾಣುವೆ. ಅವರ ಜಮೀನನ್ನು ಖುದ್ದಾಗಿ ನೋಡಿ ತಡಮಾಡದೆ ವರದಿ ಬರೆ; ಅಲೆದಾಟಕ್ಕೆ ಹೋಗುವುದು ಅವರ ಕೂಲಿಯ ದಿನ.

ಸರ್ಕಾರಿ ಸೇವೆಗಳನ್ನು ಗೊತ್ತಾದ ಅವಧಿಯೊಳಗೆ ಕೊಡಬೇಕೆನ್ನುವ ಸಕಾಲ ಕಾಯ್ದೆ 2012ರಿಂದ ಜಾರಿಯಲ್ಲಿದೆ, ಆದರೆ ದಾಖಲಾಗದ ಅರ್ಜಿ ಅದರ ಲೆಕ್ಕಕ್ಕೆ ಸಿಗುವುದಿಲ್ಲ. ಬಾಯಿಮಾತಿನಲ್ಲಿ "ನಾಳೆ ಬಾ" ಎಂದು ಕಳಿಸಿದರೆ ವಿಳಂಬವೂ ಇಲ್ಲ, ಹೊಣೆಯೂ ಇಲ್ಲ. ಆದ್ದರಿಂದ ಯಾರೇ ಬರಲಿ, ಅರ್ಜಿ ದಾಖಲಿಸಿ ಸ್ವೀಕೃತಿ ಕೊಡಿಸು. ತಿರಸ್ಕರಿಸಲೇಬೇಕಾದರೆ ಕಾರಣವನ್ನು ಬರವಣಿಗೆಯಲ್ಲಿ ಕೊಡು, ಮೇಲ್ಮನವಿಗಾದರೂ ಅವರಿಗೊಂದು ಆಧಾರವಿರಲಿ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು ಮಗಳೇ. ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆಗೆ ವಂಶವೃಕ್ಷ ತಯಾರಿಸುವಾಗ ಮದುವೆಯಾಗಿ ಹೋದವರ ಹೆಸರು ಬಿಟ್ಟುಬಿಡುವ ರೂಢಿ ಊರೂರಲ್ಲಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿದೆ. ದೆಹಲಿಯಲ್ಲಿ ಆದ ಆ ಕಾನೂನು ಹಳ್ಳಿಯ ಹೆಣ್ಣುಮಗಳಿಗೆ ತಲುಪುವುದು, ತಪ್ಪುವುದು ಊರಿನ ಸಾಕ್ಷಿಗಳಾದ ಪಂಚರ ಎದುರು ನೀನು ಬರೆಯುವ ಮಹಜರಿನಲ್ಲಿ. ಪಂಚರು ಸಹಿ ಹಾಕುವ ಮುನ್ನ "ಹೆಣ್ಣುಮಕ್ಕಳು ಎಷ್ಟು ಜನ?" ಎಂದು ಎಲ್ಲರೆದುರಿಗೆ ಕೇಳು. ಊರಿನ ಹಿರಿಯರು ಮುಖ ಸಿಂಡರಿಸಬಹುದು, ಕೇಳುವುದನ್ನು ಬಿಡಬೇಡ.

ಅಲ್ಲಿಗೆ ಹೋದ ಮೊದಲ ವಾರದಲ್ಲೇ ಬಾಕಿ ಅರ್ಜಿಗಳ ಪಟ್ಟಿ ಮಾಡಿ, ತೀರ ಹಳೆಯದರಿಂದ ಕೆಲಸ ಆರಂಭಿಸು. ಅಲ್ಲಿನ ವಿವರಗಳನ್ನು ನನಗೆ ಬರೆಯುತ್ತಿರು.

ಇಂತಿ ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಪ್ಪ